ಅಪ್ಪನ ಕರಣೆ

ಕ್ಲೀವ್‌ಲ್ಯಾಂಡ್,
ಮೇ 6, 2014

ತಮ್ಮಾ ಲೆಮ್ಯುಯೆಲ್,

ಚೆನ್ನಾಗಿದ್ದೀಯಾ? ಅಟ್ಲಾಂಟಾಗೆ ಹೋದ ಮೇಲೆ ನಿನ್ನ ಬಿ.ಪಿ. ಇಳಿದಿದೆಯಂತೆ, ಪಾದ್ರಿ ಹೇಳಿದರು. ನನ್ನ ಮಂಡಿನೋವು ಹಾಗೇ ಇದೆ. ನೀನೂ ನಿನ್ನ ಹೆಂಡತಿಯೂ ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೆ ಈ ಕಾಗದ.

ಆಮಂತ್ರಣ ಬಂತು. ನಾವು ಓದಿದ, ಅಪ್ಪ ಗಾರೆ ಕೆಲಸ ಕಲಿಸಿದ ಹ್ಯಾಲೊವೆ ವೃತ್ತಿ ಪ್ರೌಢಶಾಲೆ ಈಗ ಶ್ರೀಮಂತರ ಅಪಾರ್ಟ್‌ಮೆಂಟಂತೆ. ಶನಿವಾರ ಅದರ ಉದ್ಘಾಟನೆಯಲ್ಲಿ ಶಾಲೆಯ ಚರಿತ್ರೆ ಹೇಳುವವನು ನೀನಂತೆ. ಕೈಯಲ್ಲಿ ಹಿಡಿದು ನಿಲ್ಲಲು ನಿನಗೆ ಅಪ್ಪನ ಗಾರೆ ಮೆತ್ತುವ ಕರಣೆ ಬೇಕಂತೆ! ಕೊಡುವುದಿಲ್ಲ. ಶಾಲೆ ಮುಚ್ಚುವ ಸಮಿತಿಯಲ್ಲಿ ಕೂತು, "ಈ ಕಾಲ್ದಲ್ಲಿ ಇಟ್ಟಿಗೆ ಇಡೋರು ಯಾರಿಗ್ರೀ ಬೇಕು?" ಎಂದು ಕೈಯೆತ್ತಿದವನು ನೀನೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದನ್ನು ಆ ಶಾಲೆಯಲ್ಲಂತೂ ಯಾರೂ ನಿನಗೆ ಕಲಿಸಿರಲಿಲ್ಲ.

ಚರಿತ್ರೆ ಬೇಕಾದರೆ ನನ್ನಿಂದ ಕೇಳು. ದಕ್ಷಿಣದಿಂದ ರೈಲು ಹತ್ತಿ ಬಂದ ನಮ್ಮ ಕಪ್ಪು ಜನರ ಮಕ್ಕಳಿಗೆ ಬೇರೆ ಯಾರೂ ಕಸುಬು ಕಲಿಸದಿದ್ದಾಗ ಕಲಿಸಿದ್ದು ಆ ಶಾಲೆ. ಗುರುವಾರ ಬಂತೆಂದರೆ ಕೇರಿಯ ಹೆಂಗಸರೆಲ್ಲ ಅಲ್ಲಿ ಕೇಶಾಲಂಕಾರ ಕಲಿಯುವ ಹುಡುಗಿಯರ ಕೈಗೆ ತಲೆ ಕೊಟ್ಟು ಕೂರುತ್ತಿದ್ದರು. ಒಬ್ಬಳು ಕೂದಲು ಸುಟ್ಟಳೆಂದು ಅಮ್ಮ ಆ ಈಸ್ಟರ್ ಇಡೀ ಟೋಪಿ ತೆಗೆಯಲಿಲ್ಲ. ನಮ್ಮ ಗಾರೆ ಕ್ಲಾಸಿನಲ್ಲಿ ವರ್ಷವಿಡೀ ಕಟ್ಟಿದ ಗೋಡೆಯನ್ನು ಜೂನ್ ತಿಂಗಳಲ್ಲಿ ನಾವೇ ಕೆಡವಿ, ಇಟ್ಟಿಗೆ ಕೆರೆದು, ಮುಂದಿನವರಿಗೆ ಜೋಡಿಸಿಡಬೇಕಿತ್ತು. ನೀನು ಗೊಳೋ ಎಂದು ಅತ್ತಿದ್ದೆ. "ಅಳ್ತೀಯೇನೋ ಪೆದ್ದೇ, ನಿಲ್ಲಲಿ ಅಂತ ಕಟ್ಸಿದ್ದಲ್ಲ ಕಣೋ, ಕಲೀಲಿ ಅಂತ ಕಟ್ಸಿದ್ದು" ಎಂದು ಅಪ್ಪ ನಕ್ಕಿದ್ದ. ಕೊನೆಯ ವರ್ಷ ಸಮಿತಿಯವರು ನೀವು ಏಪ್ರಿಲ್‌ನಲ್ಲೇ ಬೀಗ ಜಡಿದಿರಿ. ಅಪ್ಪ ಬಾಗಿಲ ಮುಂದೆ ನಿಂತು, "ಈ ಸಲ ಜೂನ್ ಬರ್ಲೇ ಇಲ್ವಲ್ಲೇ ಮಗಳೇ" ಎಂದ. ಆ ಚಳಿಗಾಲವನ್ನು ಅವನು ದಾಟಲಿಲ್ಲ. ನಿನ್ನನ್ನು ನಾನು ಕ್ಷಮಿಸಿಲ್ಲ.

ನಿನ್ನ ಮಗಳು ಜೊಸಲಿನ್‌ಗೆ ನನ್ನ ಮುತ್ತು. ನಿನಗೆ ದೇವರು ಬುದ್ಧಿ ಕೊಡಲಿ.

ನಿನ್ನ ಅಕ್ಕ,
ವರ್ನೀಟಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಆಮಂತ್ರಣದ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಅಪಾರ್ಟ್‌ಮೆಂಟ್ ಕಂಪನಿಯವರು ಕಬ್ಬಿಣದ ಫಲಕ ತೂಗುಹಾಕಿರುವ ಆ "ಪಾರಂಪರಿಕ ಗೋಡೆ", ಜೊಸಲಿನ್ ಚರ್ಚಿನ ಮಕ್ಕಳ ಜೊತೆ ಹಾಡಲಿರುವ ಜಾಗ, ಅದು ಕೊನೆಯ ವರ್ಷದ ಹುಡುಗರು ಕಟ್ಟಿ, ಕೆಡವದೇ ಉಳಿದದ್ದು ಕಣೋ! ಬರೀ ಸುಣ್ಣ, ಮರಳು. ಸಿಮೆಂಟ್ ಚೂರೂ ಇಲ್ಲ, ಆ ಫಲಕದ ಭಾರಕ್ಕೇ ಕುಸಿದೀತು. ಅದೇ ಗಾರೆಯನ್ನು ನೀನೂ ಕಲಸಿದ್ದೀಯ, ಮರೆತೆಯಾ? ಕಂಪನಿಗೆ ಫೋನ್ ಮಾಡಿದರೆ ನಕ್ಕರು. ನಿನ್ನ ಮಾತಾದರೆ ಕೇಳುತ್ತಾರೆ. ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮಗುವನ್ನು ಅದರ ಹತ್ತಿರ ಬಿಡಬೇಡ. ಶನಿವಾರದೊಳಗೆ ಬಂದು ಕೆಡವು. ಕರಣೆ ಕೊಡುವುದಿಲ್ಲ, ಸುತ್ತಿಗೆ ತರುತ್ತೇನೆ.