ಮತ್ತೆ ನೀಲಿಯಾಗುವ ನೀರು

ಭಾನುವಾರ, ಫೆಬ್ರವರಿ ೧೬

ರೀ,

ನಿಮ್ಮ ಡಿಸ್ಕಸ್ ಮೀನುಗಳೆರಡೂ ಚೆನ್ನಾಗಿವೆ. ಅದನ್ನೇ ಮೊದಲು ಬರೆದೆ, ಕೆಳಗಿನದನ್ನು ನೀವು ಓದುತ್ತೀರೋ ಇಲ್ಲವೋ. ಫೋನಿನಲ್ಲಿ ನಿನ್ನ ಗೋಳು ಮುಗಿಯೋದೇ ಇಲ್ಲ, ಏನಿದ್ದರೂ ಬರೆದು ಹಾಕು ಅಂದವರು ನೀವೇ. ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ನಗಬೇಡಿ, ನಿಮ್ಮ ಅಕ್ಕನಿಗೂ ಓದಿ ಹೇಳಿ ನಗಿಸಬೇಡಿ.

ನೀರಿನ ವಿಷಯ. ನೀವು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಸಣ್ಣ ಸೀಸೆಗೆ ತೊಟ್ಟಿಯ ನೀರು ತುಂಬಿ, ಪಿಎಚ್ ನೋಡುವ ಔಷಧಿ ಬಿಟ್ಟು, ಕಿಟಕಿಗೆ ಹಿಡಿದು ನೋಡುತ್ತೇನೆ. ಹಳದಿಗೆ ತಿರುಗಿದರೆ ಮೊಟ್ಟೆಗೆ ಒಳ್ಳೆಯದು, ನೀಲಿಯಾದರೆ ಮೊಟ್ಟೆಯಿಟ್ಟರೂ ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. ಅಷ್ಟು ಬಾಯಿಪಾಠ ಆಗಿದೆ. ನೀಲಿಯನ್ನು ಹಳದಿಗೆ ತರಲು ಆಸಿಡ್ ಹನಿ ಹಾಕಬೇಕಲ್ಲ, ಅದಕ್ಕೆ ಮಾತ್ರ ಹೆದರಿಕೆ. ಒಂದು ಹನಿ ಹೆಚ್ಚಾಗಿ ಎರಡೂ ಹೊಟ್ಟೆ ಮೇಲೆ ಮಾಡಿ ತೇಲಿದರೆ ನಿಮಗೇನು ಉತ್ತರ ಹೇಳಲಿ? ಅದಕ್ಕೇ ಬಕೆಟ್ಟಿನ ನೀರಿಗೆ ಬೆರೆಸಿ, ಲೋಟ ಲೋಟವಾಗಿ ಸುರಿಯುತ್ತೇನೆ. ಹಳದಿಗೆ ತಿರುಗಲೆಂದು ಒಣಗಿದ ಬಾದಾಮಿ ಎಲೆಯನ್ನೂ ಹಾಕಿದ್ದೇನೆ. ಸಂಜೆಗೆ ಹಳದಿ. ಬೆಳಗಾದರೆ ಮತ್ತೆ ನೀಲಿ. ನಿಮ್ಮ ಹಾಗೇ, ರಾತ್ರಿ ಹ್ಞೂಂ ಅಂದಿದ್ದು ಬೆಳಗ್ಗೆಗೆ ಇರುವುದಿಲ್ಲ.

ಮರಿಯಾದ ಕೂಡಲೇ ಬಂದು ಮೀನು ಎಲ್ಲವನ್ನೂ ಒಯ್ಯುತ್ತೇನೆ, ಆಮೇಲೆ ನನಗೂ ನಿನಗೂ ಬರೆಯಲು ಏನೂ ಉಳಿಯುವುದಿಲ್ಲ ಎಂದು ಬರೆದಿದ್ದೀರಿ. ಆಗಲಿ. ಆದರೆ ಒಂದು ಮಾತು. ಗ್ಯಾಸ್ ಆರಿಸಿದಿರಾ, ಚಿಲಕ ಹಾಕಿದಿರಾ ಅಂತ ಕೇಳಿ ಕೇಳಿ ನಾನು ನಿಮ್ಮ ಜೀವ ತಿಂದೆನಂತೆ. ನೀನು ಹೆಂಡತಿಯಲ್ಲ, ಅಲಾರಂ ಅಂತ ಬಟ್ಟೆ ತುಂಬಿಕೊಂಡು ಅಕ್ಕನ ಮನೆ ಸೇರಿದಿರಿ. ಈಗ ನಿಮ್ಮ ಪ್ರತಿ ಪತ್ರದಲ್ಲೂ ಹೀಟರ್ ನೋಡಿದೆಯಾ, ಮುಚ್ಚಳ ಹಾಕಿದೆಯಾ, ಗಾಳಿ ಪಂಪು ನಿಂತಿಲ್ಲ ತಾನೇ. ನಾನು ಕೇಳಿದರೆ ಪೀಡೆ, ನೀವು ಕೇಳಿದರೆ ಕಾಳಜಿ.

ಲಾಂಡ್ರಿ ಕೆಲಸದಲ್ಲಿ ಇಸ್ತ್ರಿಪೆಟ್ಟಿಗೆ ತಗುಲಿ ಬಲ ಮುಂಗೈ ಸುಟ್ಟುಕೊಂಡೆ ಅಂತ ಹೋದ ಸಲ ಬರೆದಿದ್ದೆ. ಬರೆಯಲೋ ಬೇಡವೋ ಅಂತ ಎಷ್ಟು ಯೋಚಿಸಿದ್ದೆ ಗೊತ್ತಾ, ನೀವು ಗಾಬರಿಯಾಗಿ ಓಡಿ ಬಂದುಬಿಟ್ಟರೆ ಮನೆ ಗುಡಿಸಿಲ್ಲವಲ್ಲ ಅಂತ. ನಿಮ್ಮ ಉತ್ತರ ಬಂತು. ಮುಲಾಮು ಹಚ್ಚಿದ ಕೈಯನ್ನು ತೊಟ್ಟಿಗೆ ಹಾಕಬೇಡ, ಮೀನಿಗೆ ಆಗಿಬರುವುದಿಲ್ಲ. ಅಷ್ಟೇ. ಕಾಗದ ತಿರುಗಿಸಿ ಹಿಂದೆಯೂ ನೋಡಿದೆ.

ಕೈ ವಾಸಿಯಾಗುತ್ತಿದೆ, ಪೆನ್ನು ಹಿಡಿಯಲು ಬರುತ್ತದೆ. ನೀವು ಕೇಳಲಿಲ್ಲ, ಆದರೂ.

ಚಿಲಕ ಹಾಕಿಕೊಂಡು ಕೂತಿರುವ
ನಿಮ್ಮ ಅಲಾರಂ

ಇನ್ನೊಂದು ವಿಷಯ: ನೀವು ಹೋದ ಮೇಲೆ ತೊಟ್ಟಿಯ ಮೂಲೆ ಬೋಳಾಗಿ ಕಂಡಿತೆಂದು, ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಸಮುದ್ರದ ದಡದಲ್ಲಿ ಆಯ್ದ ಚಿಪ್ಪುಗಳನ್ನು ಪಂಪಿನ ಹಿಂದೆ ಹಾಕಿದ್ದೆ. ಚಿಪ್ಪು ಕರಗಿ ಸುಣ್ಣ ಬಿಡುತ್ತದೆ, ಅದಿರುವ ತನಕ ನೀರು ನೀಲಿಗೇ ತಿರುಗುತ್ತದೆ ಎಂದು ಮೀನಿನ ಅಂಗಡಿಯಾಕೆ ಯಾವಾಗಲೋ ಹೇಳಿದ್ದಳು. ಗೊತ್ತಿದ್ದೇ ಬಿಟ್ಟಿದ್ದೆ. ನೀರು ಸರಿಹೋದರೆ ನಿಮ್ಮ ಪತ್ರ ನಿಲ್ಲುತ್ತದಲ್ಲ. ಇವತ್ತು ಬೆಳಗ್ಗೆ ಅಷ್ಟನ್ನೂ ತೆಗೆದು ಕಸಕ್ಕೆ ಹಾಕಿದೆ. ಇನ್ನು ನೀರು ಹಳದಿಯಲ್ಲೇ ನಿಲ್ಲುತ್ತದೆ. ಮೀನು ಒಯ್ಯಲು ಬರುವಾಗ ಬಕೆಟ್ ನೀವೇ ತನ್ನಿ, ಇಲ್ಲಿಯದು ನನಗೆ ಬೇಕು. ಮೀನಿಗೆ ಏನಾಯಿತೋ ಅಂತ ಹೆದರಬೇಡಿ, ಚಿಪ್ಪುಗಳನ್ನು ಎಡಗೈಯಿಂದಲೇ ತೆಗೆದೆ.