ಫೋನಿಗೆ ತಿಳಿಯದ ಒಪ್ಪಿಗೆ

ಕುಮಟಾ, ಬುಧವಾರ

ಅಕ್ಕಾ,

ಸುಖವಾಗಿ ತಲುಪಿದೆ. ಮೊಣಕಾಲು ನೋವು ಕಡಿಮೆಯಾಗಿದೆ, ಮಾತ್ರೆ ಇನ್ನೂ ನಾಲ್ಕು ದಿನಕ್ಕಿದೆ.

ನಮ್ಮ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ ಈಗ ಫೋನಿನಲ್ಲಿ ಯಂತ್ರದ ಜೊತೆ ಮಾತನಾಡಿಯೇ ಅರ್ಜಿ ಹಾಕಬಹುದು. ಅದು ಹೇಗಿದೆ ಎಂದು ಹೊರಗಿನವರನ್ನು ಕೇಳಲು ಇವತ್ತು ಇಲ್ಲಿ ಸಭೆ ಕರೆದಿದ್ದೆವು. ಮೀನುಗಾರ ಮಹಿಳೆಯರ ಸಂಘದ ಮೋಹಿನಿ ಹರಿಕಂತ್ರ ಸಿಟ್ಟಿನಲ್ಲೇ ಬಂದರು. ನನ್ನದೇ ವಯಸ್ಸು, ಬಿ.ಎ. ಓದುವ ಆಸೆ. ಮೂರು ಸಲ ಹಾಕಿದ ಅರ್ಜಿ ಮೂರು ಸಲವೂ ರದ್ದಾಗಿತ್ತು, ಇವತ್ತೇ ಕೊನೆಯ ದಿನ.

ನಮ್ಮೆದುರೇ ಮತ್ತೆ ಹಾಕಿದರು. "ಅರ್ಜಿ ಸಲ್ಲಿಸಲೇ?" ಎಂದು ಫೋನು ಕೇಳಿತು.

"ಅಡ್ಡಿಲ್ಲ" ಎಂದರು. ಅದೂ ರದ್ದಾಯಿತು. ಇಲ್ಲಿ ಹಾಗೆಂದರೆ ಒಪ್ಪಿಗೆ, ಯಂತ್ರ ಮಾತ್ರ ಕೊನೆಯ 'ಇಲ್ಲ'ವನ್ನಷ್ಟೇ ಹಿಡಿದುಕೊಂಡಿತ್ತು.

"ಅಡ್ಡಿಲ್ಲ ಅಂದ್ರೆ ಆತು ಅಂತ ಅಲ್ವ, ತಮ್ಮಾ? ಇದ್ಕೆ ಎಂತ ಕನ್ನಡ ಕಲ್ಸಿದ್ರಿ ನೀವು?" ಎಂದು ಆ ಯಂತ್ರ ಮಾಡಿಕೊಟ್ಟ ಕಂಪನಿಯಿಂದ ಬಂದಿದ್ದ ಇಂಜಿನಿಯರನ್ನು ಕೇಳಿದರು. ಅವನು ನಗುತ್ತಾ ಅಲ್ಲೇ ಕೂತು ಆ ಮಾತನ್ನು ಸೇರಿಸಿದ. ಐದನೆಯ ಸಲ ಅರ್ಜಿ ಹೋಯಿತು.

ಫೋನು ಹೇಳಿದ ನೋಂದಣಿ ಸಂಖ್ಯೆಯನ್ನು ಮೋಹಿನಿ ಅಂಗೈ ಮೇಲೆ ಬರೆದುಕೊಂಡರು. "ಇವತ್ತು ಮೀನು ಕೊಯ್ಯೂದು ನಮ್ಮನೆಯವ್ರೇ" ಎಂದು ಹೊರಟರು.

ನಾನು ಹತ್ತಬೇಕಾದ ಹೊನ್ನಾವರದ ಬಸ್ಸು ಬಂತು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ತಂಗಿ,
ನಳಿನಾ