ಸತ್ತಾರ್ ಸಾಬರ ಹೆಸರು ಬಿಡಿ

ಮಾನ್ವಿ
9 ನವೆಂಬರ್ 2025, ಭಾನುವಾರ

ಜೋಯಾಳ ಅಬ್ಬಾ, ನಿಮಗೆ ಗುಲ್ನಾಜಳ ಸಲಾಂ.

ಮೂರು ತಿಂಗಳಾಯಿತು, ರಾಯಚೂರು ಜೈಲಿಗೆ ನಾನು ಒಮ್ಮೆಯೂ ಬರಲಿಲ್ಲ. ಮಗಳಿಗೆ ಜ್ವರ, ಬಸ್ಸು ತಪ್ಪಿತು ಎಂದು ಹೇಳಿ ಕಳಿಸಿದ್ದೆಲ್ಲ ಸುಳ್ಳು. ನಿಮ್ಮ ಮುಖ ನೋಡುವ ಧೈರ್ಯವಿರಲಿಲ್ಲ. ಜೋಯಾ ಚೆನ್ನಾಗಿದ್ದಾಳೆ. ಮೇಲಿನ ಎರಡು ಹಲ್ಲು ಬಿದ್ದು, ಸಲಾಂ ಅನ್ನಲು ಹೋಗಿ ಥಲಾಂ ಅನ್ನುತ್ತಾಳೆ.

ಮೊನ್ನೆ ನಿಮ್ಮ ಬ್ಯಾರಕ್ಕಿನ ಖಲೀಲ್ ಜಾಮೀನಿನ ಮೇಲೆ ಹೊರಬಂದವನು ಮನೆಗೆ ಬಂದಿದ್ದ. ಚಹಾ ಕುಡಿಯುತ್ತ, "ಭಾಭಿ, ಹೊರಗ ಬಂದ ದಿನಾನೇ ಸತ್ತಾರ್ ಸಾಬನ ಅಂಗಡಿ ಸುಡ್ತೀನಿ ಅಂತಾನ ನಯೀಮ್. ಪೊಲೀಸರಿಗೆ ಅಂವನೇ ಹೇಳ್ಯಾನಂತ," ಎಂದ. ನಿಮ್ಮನ್ನು ಅಂಗಡಿಯಲ್ಲೇ ಹಿಡಿದದ್ದರಿಂದ ಹಾಗೆ ಅನ್ನಿಸಿರಬೇಕು. ಅದಕ್ಕೇ ಈ ಪತ್ರ.

ಸತ್ತಾರ್ ಸಾಬರು ಯಾರಿಗೂ ಏನೂ ಹೇಳಿಲ್ಲ. ಹೇಳಿದವಳು ನಾನು.

ಪೂರ್ತಿ ಓದಿ. ಹರಿಯುವುದಿದ್ದರೆ ಆಮೇಲೆ ಹರಿಯಿರಿ.

ಹೊಲದ ಮೋಟಾರು ಕದ್ದ ಮೊದಲ ಕೇಸಿನಲ್ಲಿ ಕೋರ್ಟು ನಿಮಗೆ ಜೈಲು ಶಿಕ್ಷೆ ಕೊಡದೆ, ಎರಡು ವರ್ಷ ಒಳ್ಳೆಯ ನಡತೆಯಲ್ಲಿರಬೇಕೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಕೇಸು ಮುಗಿಯುವಷ್ಟರಲ್ಲಿ ಏಳು ತಿಂಗಳು ಒಳಗಿದ್ದು ಬಂದಿದ್ದಿರಿ. ನಿಮ್ಮ ಅಣ್ಣನೇ ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿದ. ಸತ್ತಾರ್ ಸಾಬರು ಮಾತ್ರ ತಮ್ಮ ಮೋಟಾರು ರಿಪೇರಿ ಅಂಗಡಿಗೆ ಕರೆದು, "ತಂತಿ ಸುತ್ತೋ ಕೈ ಇದು, ಸುಮ್ನ ಕುಂದ್ರಬಾರ್ದು," ಎಂದರು. ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಪ್ರೊಬೇಷನ್ ಅಧಿಕಾರಿ ಮಲ್ಲಿಕಾ ಮೇಡಂ ಮುಂದೆ ಸಹಿ ಹಾಕಿ, ಬರುವಾಗ ಜೋಯಾಗೆ ಬಾಳೆಹಣ್ಣು ತರುತ್ತಿದ್ದಿರಿ. ನಮ್ಮ ಮನೆ ದಾರಿಗೆ ಬಂತು ಎಂದು ನಾನು ನಂಬಿದ್ದೆ.

ಜೂನಿನಲ್ಲಿ ನೀರಮಾನ್ವಿ ಕಡೆ ಕಾಲುವೆ ದಂಡೆಯ ಮೋಟಾರು ಕಳುವಾಯಿತು. ಪೊಲೀಸರು ನೇರವಾಗಿ ನಿಮ್ಮನ್ನೇ ಹುಡುಕಿಕೊಂಡು ಬಂದು ಠಾಣೆಗೆ ಒಯ್ದರು. ಕಳುವಾದ ದಿನ ನಾವು ನನ್ನ ತಂಗಿಯ ಮದುವೆಗೆಂದು ದೇವದುರ್ಗದಲ್ಲಿದ್ದೆವು, ಇಡೀ ಮದುವೆಮನೆ ಸಾಕ್ಷಿ ಇತ್ತು. ಸಂಜೆಗೆ ಬಿಟ್ಟರು, ನಿಜ. ಆದರೆ ಮರುದಿನದಿಂದ ಗಿರಾಕಿಗಳು, "ನಮ್ಮ ಮೋಟಾರ ಅಂವನ ಕೈಗೆ ಕೊಡಬ್ಯಾಡ್ರಿ," ಎನ್ನತೊಡಗಿದರು. ಊಟಕ್ಕೆ ಕೂತಾಗ ನೀವು, "ಕಳ್ಳ ಅನ್ನಿಸ್ಕೊಂಡೇ ಬಾಳೋದಾದ್ರ, ಕದಿಯೋದು ಬಿಟ್ಟು ನನಗೇನು ಸಿಕ್ತು?" ಎಂದಿರಿ. ನಾನು ಸುಮ್ಮನೆ ಸಾರು ಬಡಿಸಿದೆ. ಏನಾದರೂ ಅನ್ನಬೇಕಿತ್ತು.

ಆಗಸ್ಟಿನಲ್ಲಿ ಸೌದೆ ತೆಗೆಯಲು ಹೋದರೆ ಹಿಂದೆ ಗೋಣಿಚೀಲವಿತ್ತು. ತುಂಬ ತಾಮ್ರದ ತಂತಿ, ಕದ್ದ ಮೋಟಾರು ಬಿಚ್ಚಿ ತೆಗೆದದ್ದು. ಠಾಣೆಗೆ ಹೋಗಲಿಲ್ಲ ನಾನು. ರಾಯಚೂರಿನ ಬಸ್ಸು ಹತ್ತಿ ಮಲ್ಲಿಕಾ ಮೇಡಂ ಹತ್ತಿರ ಹೋದೆ. ಅವರು ನಿಮ್ಮನ್ನು ಕರೆಸಿ ಬೈದು ಬುದ್ಧಿ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟು, "ಗುಲ್ನಾಜ್, ನೀ ಹೇಳಿದ ಮ್ಯಾಲೆ ನಾ ಕೋರ್ಟಿಗೂ ಪೊಲೀಸರಿಗೂ ತಿಳಿಸಲೇಬೇಕವ್ವಾ," ಎಂದರು. "ನಾ ಬಂದೇ ಇಲ್ಲಂತ ತಿಳ್ಕೊಳ್ರಿ," ಎಂದು ಕೈ ಮುಗಿದೆ. ಅವರು ಒಪ್ಪಲಿಲ್ಲ. ನಾನು ಮಾನ್ವಿಗೆ ವಾಪಸಾಗಿ ಅನ್ನಕ್ಕಿಡುವಷ್ಟರಲ್ಲಿ ನಿಮ್ಮನ್ನು ಕರೆದೊಯ್ದ ಸುದ್ದಿ ಬಂತು.

ಹೋದ ವಾರ ಮತ್ತೆ ಅವರನ್ನು ಕಂಡೆ. ಮೇಜಿನ ಮೇಲೆ ಬಿಡುಗಡೆಯಾದವರ ಪಟ್ಟಿ ಇತ್ತು. ಎಷ್ಟು ಜನ ತಿರುಗಿ ತಪ್ಪು ಮಾಡಿದರೆಂದು ಮೇಲಿನವರಿಗೆ ಕಳಿಸಬೇಕಂತೆ. ನಿಮ್ಮ ಹೆಸರಿನ ಎದುರು 'ಮರು ಅಪರಾಧ' ಎಂದಿತ್ತು. ಸುಳ್ಳೇನಲ್ಲ. ಆದರೂ ತಡೆಯಲಾಗದೆ ಕೇಳಿದೆ: ತಪ್ಪಿಲ್ಲದೆ ಅಂವ ಠಾಣೆಯಾಗ ಕುಂತ ದಿನಾನ ಎಲ್ಲಿ ಬರೀತೀರಿ ಮೇಡಂ? ಅವರು ಹಾಳೆ ತಿರುಗಿಸಿ, "ಹೇಳು, ಹಿಂದ ಬರಕೊಂತೀನಿ," ಎಂದರು. ಅಣ್ಣನ ಹೊಸ್ತಿಲಿನಿಂದ ಹಿಡಿದು ಎಲ್ಲ ಹೇಳಿದೆ. ಯಾರಾದರೂ ಓದುತ್ತಾರೋ ಇಲ್ಲವೋ.

ಸತ್ತಾರ್ ಸಾಬರು ನಿಮ್ಮನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಮುಖದ ಮೇಲೆಯೇ ಹೇಳಿದರು. ಆದರೆ ಶಾಲೆಯಲ್ಲಿ ಮಕ್ಕಳು ಜೋಯಾಳನ್ನು ಕಳ್ಳನ ಮಗಳೆಂದು ಕಾಡಿದಾಗ ಮಾಸ್ತರರ ಹತ್ತಿರ ಹೋಗಿ ಜಗಳ ಮಾಡಿದವರು ಅವರೇ. ಅವರ ಅಂಗಡಿಗೆ ಕೈ ಹಚ್ಚಬೇಡಿ. ಸಿಟ್ಟು ನನ್ನ ಮೇಲಿರಲಿ. ಹೊರಗೆ ಬಂದ ದಿನ ಬಾಗಿಲು ತೆರೆಯುತ್ತೇನೆ. ಕೈ ಎತ್ತಿದರೆ ಮಾತ್ರ ಮಗಳೊಂದಿಗೆ ದೇವದುರ್ಗಕ್ಕೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ.

ಈಗಲೂ ನಿಮ್ಮವಳೇ,
ಗುಲ್ನಾಜ್

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಗೋಣಿಚೀಲದ್ದು ನಾನು ಕಂಡ ಮೊದಲ ತಾಮ್ರವಲ್ಲ. ಜುಲೈನಲ್ಲೇ ಒಲೆಯ ಬೂದಿಯಲ್ಲಿ ಸುಟ್ಟ ತಂತಿಯ ಚೂರುಗಳು ಸಿಕ್ಕಿದ್ದವು. ಹೆಚ್ಚಿನ ಕೆಲಸದ ದುಡ್ಡು ಎಂದು ನೀವು ಕೊಟ್ಟಾಗ ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೇ ಜೋಯಾಗೆ ಬೂಟು ತಂದೆ, ನನಗೊಂದು ಸೀರೆಯನ್ನೂ ತಂದೆ. ಅಂದೇ ಕೇಳಿದ್ದರೆ ನೀವು ಎರಡನೆಯ ಸಲ ಕದಿಯಲು ಹೋಗುತ್ತಿರಲಿಲ್ಲವೇನೋ. ಇದನ್ನೂ ಮಲ್ಲಿಕಾ ಮೇಡಂಗೆ ಹೇಳಿ ಬರೆಸಿದ್ದೇನೆ. ನಿಮಗೆ ಕೊಡುವ ಮೊದಲು ಜೈಲಿನವರು ಪತ್ರ ಓದುತ್ತಾರಂತೆ. ಓದಲಿ.